ಸವೆದ ಮಂಡಿಗೆ ನಮ್ಮದೇ ರಕ್ತದ ಪ್ಲೇಟ್‌ಲೆಟ್

(ಮಂಡ್ಯದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಮಂಡ್ಯ ಸೀಮೆಯಲ್ಲಿ ಮಂಡಿನೋವಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ನಾಟಿ ಹಾಕುವಾಗ, ಕಳೆ ಕೀಳುವಾಗ ದಿನವಿಡೀ ಬಗ್ಗಿ ಕೆಸರಿನಲ್ಲಿ ಕಾಲು ಹೂತು ನಿಂತವರು, ಕಬ್ಬಿನ ಹೊರೆ ಹೊತ್ತು ಬದುವಿನ ಮೇಲೆ ನಡೆದು ಲಾರಿ ತುಂಬಿದವರು, ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಒಲೆಯ ಮುಂದೆ ಅಡುಗೆ ಮಾಡಿದವರು ಐವತ್ತು ದಾಟುವ ಹೊತ್ತಿಗೆ ಮಂಡಿಯ ಮೇಲೆ ಕೈಯೂರದೆ ಏಳಲಾರರು. ಅವರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ನನ್ನ ಬಳಿಗೆ ಒಂದೇ ಪ್ರಶ್ನೆಯನ್ನು ತರುತ್ತಿದ್ದಾರೆ: "ನಮ್ಮ ರಕ್ತವನ್ನೇ ತೆಗೆದು ಮಂಡಿಗೆ ಚುಚ್ಚಿದರೆ ಸವೆದದ್ದು ಮತ್ತೆ ಬೆಳೆಯುತ್ತದಂತೆ, ಹೌದೇ ಡಾಕ್ಟ್ರೇ?"

ಈ ಚಿಕಿತ್ಸೆಯನ್ನು ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಚುಟುಕಾಗಿ ಪಿಆರ್‌ಪಿ, ಎನ್ನುತ್ತಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸವೆತ ಇನ್ನೂ ಮಿತಿಯಲ್ಲಿರುವ ಮಂಡಿಯಲ್ಲಿ ಇದರಿಂದ ಕೆಲವು ತಿಂಗಳ ಮಟ್ಟಿಗೆ ನೋವು ಕಡಿಮೆಯಾಗಬಹುದು. ಆದರೆ ಸವೆದುಹೋದ ಮೃದ್ವಸ್ಥಿ ಈ ಇಂಜೆಕ್ಷನ್ನಿನಿಂದ ಮತ್ತೆ ಬೆಳೆಯುತ್ತದೆ ಎನ್ನುವುದಕ್ಕೆ ನಂಬಬಹುದಾದ ಆಧಾರ ಇಂದಿಗೂ ದೊರೆತಿಲ್ಲ. ಬೆಳೆಯದೆ ಇದ್ದರೂ ನೋವು ಹೇಗೆ ಇಳಿಯುತ್ತದೆ ಎಂಬುದು ಅರ್ಥವಾದರೆ, ಹಣ ಖರ್ಚು ಮಾಡಬೇಕೋ ಬೇಡವೋ ಎಂಬುದನ್ನು ನೀವೇ ನಿರ್ಧರಿಸಬಲ್ಲಿರಿ. ಆದ್ದರಿಂದ ಆ ವಿಷಯಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ತೊಡೆಮೂಳೆಯ ತುದಿ, ಕಣಕಾಲಿನ ಮೂಳೆಯ ತಲೆ, ಮಂಡಿಚಿಪ್ಪಿನ ಒಳಮೈ, ಈ ಮೂರನ್ನೂ ನುಣುಪಾದ, ಹಾಲುಬಿಳುಪಿನ ಒಂದು ಪದರ ಹೊದ್ದಿರುತ್ತದೆ. ಇದೇ ಮೃದ್ವಸ್ಥಿ, ಕಾರ್ಟಿಲೇಜ್. ಹೆಚ್ಚಿನ ಕಡೆ ಇದರ ದಪ್ಪ 2ರಿಂದ 4 ಮಿಲಿಮೀಟರ್ ಮಾತ್ರ. ಅದರ ತೂಕದ ಬಹುಪಾಲು ನೀರೇ. ಆ ನೀರನ್ನು ಹಿಡಿದಿಟ್ಟುಕೊಳ್ಳುವುದು ಅಗ್ರಿಕ್ಯಾನ್ ಎಂಬ ದೊಡ್ಡ ಅಣು, ಎಲ್ಲವನ್ನೂ ಬಿಗಿಯಾಗಿ ಕಟ್ಟಿರುವುದು ಕೊಲಾಜೆನ್ ಎಂಬ ನಾರಿನ ಬಲೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗಲೇ ದೇಹದ ತೂಕದ ಎರಡು ಮೂರು ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಇಳಿಯುವಾಗ ಅದಕ್ಕಿಂತಲೂ ಹೆಚ್ಚು. ಇಷ್ಟನ್ನೂ ದಶಕಗಳ ಕಾಲ ತಾಳಿಕೊಳ್ಳುವ ಈ ಪದರದಲ್ಲಿ ಜೀವಕೋಶಗಳು ಅತ್ಯಲ್ಪ; ಅದರ ಗಾತ್ರದ ಶೇಕಡ 5ಕ್ಕಿಂತಲೂ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಅದಕ್ಕೆ ಬೇಕಾದ ಆಹಾರವೆಲ್ಲ ಕೀಲಿನೊಳಗಿನ ದ್ರವದಿಂದ, ನಾವು ಕಾಲು ಮಡಚಿ ಚಾಚಿದಂತೆ, ಹೆಜ್ಜೆ ಊರಿ ಎತ್ತಿದಂತೆ, ಸ್ವಲ್ಪಸ್ವಲ್ಪವಾಗಿ ಒಸರಿ ಬರಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತೂಬಿನ ಪಕ್ಕದ ಗದ್ದೆಗೆ ಸಿಕ್ಕಷ್ಟು ನೀರು ಕೊನೆಯ ಗದ್ದೆಗೆ ಸಿಗುವುದಿಲ್ಲ, ದೇಹದಲ್ಲಿ ಮೃದ್ವಸ್ಥಿ ಅಂಥ ಕೊನೆಯ ಗದ್ದೆ. ಮೂಳೆ ಮುರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನೊಳಗೆ ದುರಸ್ತಿಯ ಕೋಶಗಳು ಸೇರುತ್ತವೆ, ಕೆಲವು ವಾರಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಮೃದ್ವಸ್ಥಿ ಸೀಳಿದಾಗ ರಕ್ತವೇ ಬರುವುದಿಲ್ಲವಾದ್ದರಿಂದ ದುರಸ್ತಿ ಶುರುವಾಗುವುದೇ ಇಲ್ಲ. ಲಂಡನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿಯೇ, ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬರುವುದಿಲ್ಲವೆಂದು ರಾಯಲ್ ಸೊಸೈಟಿಯ ಮುಂದೆ ಹೇಳಿದ್ದರು. ವಯಸ್ಕರ ಮೃದ್ವಸ್ಥಿಯಲ್ಲಿರುವ ಕೊಲಾಜೆನ್ನಿನ ಅರ್ಧದಷ್ಟು ಬದಲಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕೆಂದು ಈಚಿನ ಸಂಶೋಧಕರು ಅಂದಾಜು ಮಾಡಿದ್ದಾರೆ. ಒಂದು ಆಯುಸ್ಸಿನಲ್ಲಿ ಅದು ಹೊಸದಾಗುವುದಿಲ್ಲ ಎಂದೇ ಇದರ ಅರ್ಥ.

ರಕ್ತ ತಲುಪದ ಕಡೆಗೆ ರಕ್ತದಲ್ಲಿರುವ ದುರಸ್ತಿಯ ಅಂಶಗಳನ್ನು ನಾವೇ ತಲುಪಿಸಿದರೆ ಹೇಗೆ ಎಂಬ ಆಲೋಚನೆಯಿಂದ ಕೀಲಿನ ಪಿಆರ್‌ಪಿ ಹುಟ್ಟಿತು. ಪ್ಲೇಟ್‌ಲೆಟ್ ಎಂದರೇನೆಂದು ಡೆಂಗಿ ನಮ್ಮ ಮನೆಮನೆಗೂ ಕಲಿಸಿದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಕಣಗಳು ಹತ್ತು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವುದು ಅವುಗಳ ಒಂದು ಕೆಲಸವಾದರೆ, ತಮ್ಮೊಳಗಿನ ಆಲ್ಫಾ ಕಣಿಕೆಗಳಿಂದ ಬೆಳವಣಿಗೆಯ ಅಂಶಗಳನ್ನು ಹೊರಬಿಟ್ಟು ಗಾಯ ಮಾಯುವ ಕ್ರಿಯೆಗೆ ಚಾಲನೆ ಕೊಡುವುದು ಇನ್ನೊಂದು. ಪಿಡಿಜಿಎಫ್, ಟಿಜಿಎಫ್-ಬೀಟಾ, ವಿಇಜಿಎಫ್ ಎಂಬವು ಅವುಗಳಲ್ಲಿ ಕೆಲವು. ರಕ್ತಶಾಸ್ತ್ರದವರು ಪಿಆರ್‌ಪಿ ಎಂಬ ಹೆಸರನ್ನು 1970ರ ದಶಕದಿಂದಲೇ ಬಳಸುತ್ತಿದ್ದರು; 1998ರಲ್ಲಿ ಅಮೆರಿಕದ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು ದವಡೆಯ ಮೂಳೆ ಕಸಿಯಲ್ಲಿ ಇದನ್ನು ಬಳಸಿ ವರದಿ ಮಾಡಿದ ಮೇಲೆ ಇತರ ಶಸ್ತ್ರವೈದ್ಯರ ಗಮನವೂ ಇತ್ತ ಹರಿಯಿತು. ಸ್ನಾಯುರಜ್ಜು, ಕೀಲು, ಕೂದಲು, ಚರ್ಮ ಎಲ್ಲಕ್ಕೂ ಇದು ಹಬ್ಬಿದ್ದು ಆ ಬಳಿಕ.

ತಯಾರಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಎಲ್ಲ ಗೊಂದಲದ ಮೂಲ ಅಲ್ಲಿಯೇ ಇದೆ. ತೋಳಿನ ರಕ್ತನಾಳದಿಂದ ತೆಗೆದ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣವಿರುವ ನಳಿಕೆಗೆ ತುಂಬಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಮೊದಲು ನಿಧಾನಗತಿಯಲ್ಲಿ ತಿರುಗಿಸುತ್ತಾರೆ. ಹೊರಗೆ ತೆಗೆದ ನಳಿಕೆಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಕಡುಗೆಂಪು ರಕ್ತಕಣಗಳ ಕಂಬ, ಅದರ ನೆತ್ತಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಬೂದುಬಿಳುಪಿನ ಪದರ, ಅದರ ಮೇಲೆ ಹುಲ್ಲಿನ ಬಣ್ಣದ ಹಳದಿ ಪ್ಲಾಸ್ಮಾ ಕಾಣುತ್ತವೆ. ಬೂದು ಪದರದಲ್ಲಿರುವುದು ಮುಖ್ಯವಾಗಿ ಬಿಳಿರಕ್ತಕಣ. ಪ್ಲೇಟ್‌ಲೆಟ್‌ಗಳು ಅದರ ಅಂಚಿನಲ್ಲೂ ಮೇಲಿನ ಪ್ಲಾಸ್ಮಾದಲ್ಲೂ ಇರುತ್ತವೆ. ಹಳದಿ ಭಾಗವನ್ನು ಬೇರೆ ನಳಿಕೆಗೆ ಎಳೆದುಕೊಂಡು ಈ ಬಾರಿ ವೇಗವಾಗಿ ತಿರುಗಿಸಿದರೆ ಪ್ಲೇಟ್‌ಲೆಟ್‌ಗಳು ತಳಕ್ಕಿಳಿಯುತ್ತವೆ; ಮೇಲಿನ ತೆಳು ಪ್ಲಾಸ್ಮಾವನ್ನು ತೆಗೆದುಹಾಕಿ, ಉಳಿದ ಸ್ವಲ್ಪ ದ್ರವದಲ್ಲಿ ತಳದ ಕಣಗಳನ್ನು ಮೆಲ್ಲಗೆ ಕದಡಿದರೆ ಕೈಗೆ ಬರುವುದೇ ಪಿಆರ್‌ಪಿ. ಮೊದಲ ಹಂತದಲ್ಲಿ ಸೂಜಿಯ ತುದಿ ಒಂದೆರಡು ಮಿಲಿಮೀಟರ್ ಕೆಳಗೆ ಹೋದರೆ ಬಿಳಿಕಣಗಳೂ ಬೆರೆಯುತ್ತವೆ, ಮೇಲೆಯೇ ನಿಂತರೆ ಪ್ಲೇಟ್‌ಲೆಟ್‌ಗಳೇ ಕಡಿಮೆಯಾಗುತ್ತವೆ. ಬಿಳಿಕಣಗಳು ಹೊರಬಿಡುವ ಕೆಲವು ಕಿಣ್ವಗಳು ಮೃದ್ವಸ್ಥಿಯನ್ನೇ ಕರಗಿಸಬಲ್ಲವು. ಆದ್ದರಿಂದ ಕೀಲಿನೊಳಗೆ ಕೊಡುವಾಗ ಬಿಳಿಕಣ ಕಡಿಮೆಯಿರುವ ಪಿಆರ್‌ಪಿಯೇ ಲೇಸೆಂದು ಅನೇಕ ತಜ್ಞರ ಅಭಿಪ್ರಾಯ, ನಾನೂ ಅದನ್ನೇ ಒಪ್ಪುತ್ತೇನೆ.

ಇಲ್ಲೊಂದು ಸರಳ ಲೆಕ್ಕವನ್ನು ನಿಮ್ಮೆದುರು ಇಡಬೇಕು. ಒಬ್ಬರ ರಕ್ತದಲ್ಲಿ ಮೈಕ್ರೋಲೀಟರಿಗೆ ಎರಡೂವರೆ ಲಕ್ಷ ಪ್ಲೇಟ್‌ಲೆಟ್ ಇದೆಯೆನ್ನಿ. ಒಂದು ಮಿಲಿಲೀಟರಿನಲ್ಲಿ ಸಾವಿರ ಮೈಕ್ರೋಲೀಟರ್ ಇರುವುದರಿಂದ ಮಿಲಿಲೀಟರಿಗೆ 25 ಕೋಟಿ, 60 ಮಿಲಿಲೀಟರ್ ರಕ್ತದಲ್ಲಿ 1,500 ಕೋಟಿ. ಯಂತ್ರದಿಂದ ಮೂರನೆಯ ಎರಡು ಭಾಗ ದಕ್ಕಿದರೆ 1,000 ಕೋಟಿ. ಒಂದು ಮಂಡಿಗೆ ಸರಿಸುಮಾರು ಅಷ್ಟು ಪ್ಲೇಟ್‌ಲೆಟ್ ಸೇರಿದಾಗ ಫಲ ಉತ್ತಮ ಎಂದು ಪ್ರಮಾಣದ ಬಗ್ಗೆ ಕೆಲಸ ಮಾಡಿದ ಕೆಲವು ಸಂಶೋಧಕರು, ಅವರಲ್ಲಿ ಭಾರತದವರೂ ಇದ್ದಾರೆ, ವಾದಿಸುತ್ತಾರೆ. ಹಾಗಿದ್ದಲ್ಲಿ 10 ಅಥವಾ 15 ಮಿಲಿಲೀಟರ್ ರಕ್ತ ತೆಗೆದು ಮಾಡಿದ ಪಿಆರ್‌ಪಿಯಲ್ಲಿ, ಯಂತ್ರ ಎಷ್ಟೇ ಉತ್ತಮವಾಗಿರಲಿ, 250ರಿಂದ 375 ಕೋಟಿಗಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ. ಎರಡನ್ನೂ ಪಿಆರ್‌ಪಿ ಎಂದೇ ಕರೆಯುತ್ತೇವೆ, ಎರಡಕ್ಕೂ ರೋಗಿ ಹಣ ಕೊಡುತ್ತಾನೆ. ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ. ಮಂಡಿಗೆ ಹೋದ ಸಿರಿಂಜಿನಲ್ಲಿ ಎಷ್ಟು ಪ್ಲೇಟ್‌ಲೆಟ್ ಇತ್ತೆಂಬುದು ಹೆಚ್ಚಿನ ಚೀಟಿಗಳಲ್ಲಿ ಬರೆದಿರುವುದೇ ಇಲ್ಲ. ಇದು ನನ್ನನ್ನು ಬಹಳ ಕಾಡುವ ಕೊರತೆ. ಇಂಜೆಕ್ಷನ್‌ಗೆ ಮುನ್ನ, ಎಷ್ಟು ರಕ್ತ ತೆಗೆಯುತ್ತೀರಿ, ತಯಾರಾದ ಪಿಆರ್‌ಪಿಯ ಕಣಗಳನ್ನು ಎಣಿಸುತ್ತೀರಾ, ಚೀಟಿಯಲ್ಲಿ ಬರೆದುಕೊಡುತ್ತೀರಾ ಎಂದು ದಯವಿಟ್ಟು ಕೇಳಿ. ವೈದ್ಯರನ್ನು ಹಾಗೆ ಕೇಳುವುದು ಅವಮರ್ಯಾದೆಯಲ್ಲ.

ಪ್ರಯೋಗಾಲಯದಲ್ಲಿ ಕಂಡದ್ದು ಆಶಾದಾಯಕವಾಗಿಯೇ ಇದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೃದ್ವಸ್ಥಿಯ ಕೋಶಗಳಿಗೆ ಪಿಆರ್‌ಪಿ ಹಾಕಿದಾಗ ಅವು ಹೆಚ್ಚು ವೃದ್ಧಿಯಾಗುತ್ತವೆ. ಉರಿಯೂತದ ಸಂಕೇತಗಳಿಗೆ ಅವು ತೋರುವ ಪ್ರತಿಕ್ರಿಯೆ ತಗ್ಗುತ್ತದೆ. ಮೊಲಗಳಲ್ಲಿ ನಡೆದ ಅನೇಕ ಪ್ರಯೋಗಗಳಲ್ಲಿ ಮೃದ್ವಸ್ಥಿಯ ಕುಳಿಗಳು ಹೆಚ್ಚು ಚೆನ್ನಾಗಿ ತುಂಬಿಕೊಂಡಿವೆ. ಆದರೆ ಎಳೆಯ ಮೊಲದ ಮಂಡಿಯಲ್ಲಿ ಹೊಸದಾಗಿ ಕೊರೆದ ಕುಳಿಯೇ ಬೇರೆ, ಮೂವತ್ತು ವರ್ಷ ದುಡಿದು ಕಾಲು ಬಿಲ್ಲಿನಂತೆ ಬಾಗಿದ ಅರವತ್ತರ ಹೆಂಗಸಿನ ಮಂಡಿಯೇ ಬೇರೆ.

ಮನುಷ್ಯರಲ್ಲಿ ನಡೆದ ಪರೀಕ್ಷೆಗಳಿಗೆ ಬರುತ್ತೇನೆ. ಚಂಡೀಗಢದ ಪಿಜಿಐ ಸಂಸ್ಥೆಯ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಮಂಡಿ ಸವೆದ 78 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಒಮ್ಮೆ ಪಿಆರ್‌ಪಿ, ಇನ್ನೊಂದಕ್ಕೆ ಎರಡು ಸಲ ಪಿಆರ್‌ಪಿ, ಮೂರನೆಯದಕ್ಕೆ ಬರೀ ಸಲೈನ್, ಅಂದರೆ ಔಷಧಿಯಿಲ್ಲದ ಉಪ್ಪುನೀರು, ಕೊಟ್ಟರು. ಪಿಆರ್‌ಪಿ ಪಡೆದವರ ನೋವು ಕೆಲವೇ ವಾರಗಳಲ್ಲಿ ಇಳಿಯಿತು, ಆರು ತಿಂಗಳ ಹೊತ್ತಿಗೆ ಆ ಲಾಭ ಸ್ವಲ್ಪ ಕರಗತೊಡಗಿತು, ಒಂದು ಸಲ ಪಡೆದವರಿಗೂ ಎರಡು ಸಲ ಪಡೆದವರಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ನಮ್ಮ ದೇಶದ ರೋಗಿಗಳ ಮೇಲೆಯೇ, ಸಲೈನ್ ಗುಂಪನ್ನೂ ಇಟ್ಟುಕೊಂಡು ಮಾಡಿದ ಕೆಲಸವೆಂಬ ಕಾರಣಕ್ಕೆ ಇದರ ಮೇಲೆ ನನಗೆ ವಿಶೇಷ ಗೌರವವಿದೆ.

ಆಮೇಲೆ 2021ರಲ್ಲಿ ಆಸ್ಟ್ರೇಲಿಯಾದಿಂದ ಬಂದ ರಿಸ್ಟೋರ್ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ಐವತ್ತು ದಾಟಿದ 288 ಜನ, ಸವೆತ ಮಂದದಿಂದ ಮಧ್ಯಮ ಮಟ್ಟದ್ದು, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಅರ್ಧದಷ್ಟು ಜನರಿಗೆ ಬಿಳಿಕಣ ಕಡಿಮೆಯಿರುವ ಪಿಆರ್‌ಪಿ, ಉಳಿದವರಿಗೆ ಸಲೈನ್. ಸಿರಿಂಜಿನಲ್ಲಿ ಏನಿದೆಯೆಂದು ರೋಗಿಗೂ ಗೊತ್ತಿಲ್ಲ, ಚುಚ್ಚಿದ ವೈದ್ಯರಿಗೂ ಗೊತ್ತಿಲ್ಲ. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಯಲ್ಲಿ ಒಂದು ವರ್ಷದ ಬಳಿಕ ಪಿಆರ್‌ಪಿ ಗುಂಪಿನ ನೋವು ಸರಾಸರಿ 2.1 ಅಂಕ ಇಳಿದಿತ್ತು, ಸಲೈನ್ ಗುಂಪಿನದು 1.8. ಎಂಆರ್‌ಐನಲ್ಲಿ ಅಳೆದಾಗ ಮಂಡಿಯ ಒಳಬದಿಯ ಮೃದ್ವಸ್ಥಿಯ ಪ್ರಮಾಣ ಪಿಆರ್‌ಪಿ ಗುಂಪಿನಲ್ಲಿ ಶೇಕಡ 1.4, ಸಲೈನ್ ಗುಂಪಿನಲ್ಲಿ ಶೇಕಡ 1.2 ಕುಗ್ಗಿತ್ತು. ಎರಡೂ ಗುಂಪಿನಲ್ಲಿ ಸವೆತ ತನ್ನ ಪಾಡಿಗೆ ತಾನು ಮುಂದುವರಿದಿತ್ತು, ಬೆಳೆದದ್ದು ಯಾರಲ್ಲೂ ಇಲ್ಲ. ಅದೇ ವರ್ಷ ನೆದರ್ಲೆಂಡ್ಸ್‌ನಲ್ಲಿ ಹರಡಿನ ಕೀಲು, ಅಂದರೆ ಪಾದ ಕಾಲಿಗೆ ಸೇರುವ ಕೀಲು, ಸವೆದ 100 ಜನರ ಮೇಲೆ ನಡೆದ ಪರೀಕ್ಷೆಯಲ್ಲಿಯೂ ಆರು ತಿಂಗಳ ಬಳಿಕ ಸಲೈನಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಸಲೈನ್ ಕೊಟ್ಟವರಿಗೂ ನೋವು ಇಳಿದದ್ದನ್ನು ಕೇಳಿ, ಹಾಗಾದರೆ ಆ ನೋವು ಸುಳ್ಳೇ ಎಂದು ಯಾರೂ ಭಾವಿಸಬಾರದು. ಮಂಡಿನೋವು ಏರುತ್ತ ಇಳಿಯುತ್ತ ಹೋಗುವ ನೋವು. ತೀರ ತಡೆಯಲಾರದಾದಾಗ ಜನ ಆಸ್ಪತ್ರೆಗೆ ಬರುತ್ತಾರೆ. ಆ ಏರಿಕೆಯ ಬಳಿಕ ಏನೂ ಮಾಡದಿದ್ದರೂ ಒಂದಿಷ್ಟು ಇಳಿಕೆ ಇದ್ದೇ ಇರುತ್ತದೆ. ಅದರೊಂದಿಗೆ ವೈದ್ಯರ ಆರೈಕೆ, ನಂಬಿಕೆ, ಆ ದಿನಗಳಲ್ಲಿ ಸಿಗುವ ವಿಶ್ರಾಂತಿ ಎಲ್ಲವೂ ಸೇರುತ್ತವೆ.

ಬೆಳೆಯದೆ ನೋವು ಇಳಿಯುವುದು ಹೇಗೆ ಎಂಬ ಮೊದಲಿನ ಪ್ರಶ್ನೆಗೆ ಉತ್ತರವೂ ಈಗ ಸಿಗುತ್ತದೆ. ಮೃದ್ವಸ್ಥಿಯಲ್ಲಿ ನರಗಳಿಲ್ಲವೆಂದು ಹೇಳಿದೆ. ಆದ್ದರಿಂದ ನೋಯುವುದು ಅದಲ್ಲ. ಕೀಲಿನ ಒಳಗೋಡೆಗೆ ಅಂಟಿಕೊಂಡಿರುವ ಸೈನೋವಿಯಂ ಎಂಬ ಪೊರೆ, ಮೃದ್ವಸ್ಥಿಯ ಕೆಳಗಿನ ಮೂಳೆ, ಸುತ್ತಲಿನ ಕಟ್ಟುಗಳು ಮತ್ತು ಕೊಬ್ಬು ನೋಯುತ್ತವೆ. ಸವೆತದ ಪುಡಿ ಆ ಪೊರೆಯನ್ನು ಕೆರಳಿಸುತ್ತದೆ, ಪೊರೆ ಊದಿ ನೀರು ತುಂಬಿಕೊಳ್ಳುತ್ತದೆ, ಊದಿದ ಪೊರೆಯಿಂದ ಬರುವ ರಾಸಾಯನಿಕಗಳು ಮೃದ್ವಸ್ಥಿಯನ್ನು ಮತ್ತಷ್ಟು ಕೊರೆಯುತ್ತವೆ. ಪಿಆರ್‌ಪಿ ಏನಾದರೂ ಮಾಡುತ್ತಿದ್ದರೆ ಈ ಕೆರಳಿಕೆಯನ್ನು ಶಮನಗೊಳಿಸುವುದನ್ನೇ ಮಾಡುತ್ತಿದೆ ಎಂದು ನನಗೆ ತೋರುತ್ತದೆ. ಇದೇನೂ ಸಣ್ಣ ಉಪಕಾರವಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗದೆ ನಿದ್ರಿಸುವುದು ಎಷ್ಟು ದೊಡ್ಡದೆಂದು ನೋವುಂಡವರಿಗೇ ಗೊತ್ತು. ಆದರೆ ಅದನ್ನು "ಮೃದ್ವಸ್ಥಿ ಬೆಳೆಸುವ ಇಂಜೆಕ್ಷನ್" ಎಂದು ಮಾರುವುದು ಸರಿಯಲ್ಲ.

ತಜ್ಞ ಸಂಸ್ಥೆಗಳೂ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ, ತಯಾರಿಕೆಗೆ ಒಂದು ನಿಯಮವೇ ಇಲ್ಲದಿರುವುದನ್ನು ಎತ್ತಿ ತೋರಿಸಿ, ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡವೆಂದು ಖಡಾಖಂಡಿತವಾಗಿ ಹೇಳಿತು. ಅಲ್ಲಿನದೇ ಮೂಳೆ ಶಸ್ತ್ರವೈದ್ಯರ ಅಕಾಡೆಮಿ 2021ರಲ್ಲಿ, ನೋವು ಕಡಿಮೆಯಾಗಬಹುದು, ಆದರೆ ಆಧಾರ ಸೀಮಿತ ಎಂದು ಬರೆಯಿತು. ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ, ಸುರಕ್ಷತೆಯ ದೊಡ್ಡ ಆತಂಕವಿಲ್ಲ, ಪರಿಣಾಮದ ಪುರಾವೆ ಸಾಲದು ಎಂದಿತು.

ಈಗ ನನ್ನನ್ನು ಅತ್ಯಂತ ನೋಯಿಸುವ ವಿಷಯವನ್ನು ಹೇಳಬೇಕು. ರೋಗಿಗಳು ಎರಡು ಎಕ್ಸ್‌ರೇ ತರುತ್ತಾರೆ, "ಇದು ಇಂಜೆಕ್ಷನ್‌ಗೆ ಮೊದಲಿನದು, ಇದು ಆಮೇಲಿನದು, ಸಂದಿ ಅಗಲವಾಗಿದೆ ನೋಡಿ" ಎಂದು ತೋರಿಸುತ್ತಾರೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ. ಎರಡು ಮೂಳೆಗಳ ನಡುವಿನ ಕಪ್ಪು ಸಂದಿಯನ್ನು ನೋಡಿ ಅದರ ದಪ್ಪವನ್ನು ಊಹಿಸುತ್ತೇವೆ. ನಿಂತು ತೆಗೆಸಿದರೆ ದೇಹದ ಭಾರ ಬಿದ್ದು ಸಂದಿ ಕಿರಿದಾಗಿ ಕಾಣುತ್ತದೆ, ಮಲಗಿ ತೆಗೆಸಿದರೆ ಅದೇ ಮಂಡಿಯ ಸಂದಿ ಅಗಲವಾಗಿ ಕಾಣುತ್ತದೆ. ಮಂಡಿ ಸ್ವಲ್ಪ ಮಡಚಿದ್ದರೂ, ಕಿರಣ ಬೀಳುವ ಕೋನ ತುಸು ಬದಲಾದರೂ ಅಳತೆ ಬದಲಾಗುತ್ತದೆ. ಹಾಗೆ ತಂದ ಫಿಲಂಗಳಲ್ಲಿ ಮೊದಲನೆಯದು ನಿಂತು, ಎರಡನೆಯದು ಮಲಗಿ ತೆಗೆದದ್ದೆಂದು ಗೊತ್ತಾದಾಗ, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಬಂದ ಆ ತಾಯಿಗೆ ಅದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕು, ಏಕೆಂದರೆ ಮುಂದಿನ ಸಾಲ ಮತ್ತೊಂದು ಸುತ್ತಿನ ಇಂಜೆಕ್ಷನ್‌ಗೆ ಹೋಗುವುದರಲ್ಲಿರುತ್ತದೆ.

ಎಳೆಯರ ಗಾಯದ ಪ್ರಶ್ನೆ ಬೇರೆ. ಕಬಡ್ಡಿ ಆಡುವಾಗಲೋ ಬೈಕಿನಿಂದ ಬಿದ್ದಾಗಲೋ ಒಂದು ಕಡೆ ಮಾತ್ರ ಮೃದ್ವಸ್ಥಿ ಕಿತ್ತು ಕುಳಿ ಬಿದ್ದಿದ್ದು, ಸುತ್ತಲಿನದು ಗಟ್ಟಿಯಾಗಿದ್ದರೆ ಅದನ್ನು ತುಂಬುವ ಶಸ್ತ್ರಚಿಕಿತ್ಸೆಗಳಿವೆ. ಕುಳಿಯ ತಳದ ಮೂಳೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಒಳಗಿನ ರಕ್ತ ಮೇಲೆ ಬಂದು ಹೆಪ್ಪುಗಟ್ಟುವಂತೆ ಮಾಡುವುದು ಮೈಕ್ರೋಫ್ರಾಕ್ಚರ್. ಅಲ್ಲಿ ಬೆಳೆಯುವುದು ಮೂಲದಷ್ಟು ಬಾಳಿಕೆಯಿಲ್ಲದ ನಾರಿನ ಮೃದ್ವಸ್ಥಿ. ಸ್ವೀಡನ್ನಿನ ವೈದ್ಯರು 1994ರಲ್ಲಿ, ರೋಗಿಯದೇ ಮೃದ್ವಸ್ಥಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕುಳಿಗೆ ತುಂಬಿದ 23 ಜನರ ವರದಿ ಪ್ರಕಟಿಸಿದರು. ಇಂಥ ಶಸ್ತ್ರಚಿಕಿತ್ಸೆಯ ಜೊತೆಗೆ ಪಿಆರ್‌ಪಿಯನ್ನೂ ಸೇರಿಸಿ ನೋಡುವ ಪ್ರಯತ್ನಗಳು ನಡೆಯುತ್ತಿವೆ. ಮೃದ್ವಸ್ಥಿಯ ದುರಸ್ತಿಯಲ್ಲಿ ಪಿಆರ್‌ಪಿಗೆ ನಿಜವಾದ ಪಾತ್ರವೊಂದು ದೊರೆಯುವುದಾದರೆ ಅದು ಇಲ್ಲಿಯೇ ಎಂಬುದು ನನ್ನ ನಿರೀಕ್ಷೆ.

ಹಾಗಾದರೆ ಯಾರು ಯೋಚಿಸಬಹುದು? ನಿಂತು ತೆಗೆದ ಎಕ್ಸ್‌ರೇಯಲ್ಲಿ ಸಂದಿ ಇನ್ನೂ ಉಳಿದಿರುವವರು, ವ್ಯಾಯಾಮವನ್ನು ಕ್ರಮವಾಗಿ ಮಾಡಿಯೂ ನೋವು ತಗ್ಗದವರು, ಫಲ ಸಿಗದೆಯೂ ಹೋಗಬಹುದೆಂದು ತಿಳಿದು ಹಣ ಹಾಕಬಲ್ಲವರು. ಸಂದಿ ಪೂರ್ತಿ ಮುಚ್ಚಿ ಮೂಳೆಗೆ ಮೂಳೆ ತಾಗುತ್ತಿರುವವರಿಗೆ, ಕಾಲು ಬಹಳ ಬಾಗಿರುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಿರುವವರು, ರಕ್ತದ ಕ್ಯಾನ್ಸರ್ ಇರುವವರು, ಮೈಯಲ್ಲಿ ಎಲ್ಲಿಯಾದರೂ ಸೋಂಕಿರುವವರು ಮಾಡಿಸಿಕೊಳ್ಳಬಾರದು. ಸಕ್ಕರೆ ಕಾಯಿಲೆಯವರು ಮೊದಲು ಅದನ್ನು ಹತೋಟಿಗೆ ತರಬೇಕು. ಕೆಲವರು ಇದನ್ನು ಸ್ಟೆಮ್ ಸೆಲ್ ಚಿಕಿತ್ಸೆ ಎಂದುಕೊಂಡಿದ್ದಾರೆ, ಅದು ತಪ್ಪು. ಸ್ಟೀರಾಯ್ಡ್ ಇಂಜೆಕ್ಷನ್ನಿನ ಬಗ್ಗೆಯೂ ಒಂದು ಮಾತು: ನೋವನ್ನು ಬೇಗ ಇಳಿಸುವುದು ಅದೇ, ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟಾಗ ಮೃದ್ವಸ್ಥಿ ಸಲೈನ್ ಪಡೆದವರಿಗಿಂತ ಹೆಚ್ಚು ಸವೆಯಿತೆಂದು 2017ರ ಅಮೆರಿಕದ ಅಧ್ಯಯನ ತೋರಿಸಿದೆ.

ಪಿಆರ್‌ಪಿ ಮಾಡಿಸಿಕೊಂಡರೂ ಬಿಟ್ಟರೂ ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿ ಮಾಡಿಕೊಳ್ಳಲೇಬೇಕು. ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು ಸಲ, ಬೆಳಿಗ್ಗೆ ಸಂಜೆ, ಕನಿಷ್ಠ ಎರಡು ತಿಂಗಳು ಬಿಡದೆ ಮಾಡಿ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮನೆಯಲ್ಲಿ ಕಮೋಡ್ ಹಾಕಿಸಿಕೊಡುವುದು, ಅಡುಗೆಗೆ ನಿಲ್ಲುವಷ್ಟು ಎತ್ತರದ ಕಟ್ಟೆ ಕಟ್ಟಿಸಿಕೊಡುವುದು ತಾಯಂದಿರ ಮಂಡಿಗೆ ಮಕ್ಕಳು ಮಾಡಬಹುದಾದ ದೊಡ್ಡ ಉಪಕಾರ.

ಕೊನೆಯಲ್ಲಿ, ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದವರಿಗೆ ಕೆಲವು ಸೂಚನೆಗಳು. ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸವನ್ನು ಕುಂಠಿತಗೊಳಿಸುವುದರಿಂದ ಇಂಜೆಕ್ಷನ್‌ಗೆ ಮುಂಚೆಯೂ ಆಮೇಲೆಯೂ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಹೃದ್ರೋಗ ತಜ್ಞರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ಮಂಡಿಯ ನೋವಿಗಾಗಿ ಹೃದಯವನ್ನು ಅಪಾಯಕ್ಕೆ ಒಡ್ಡಬಾರದು. ಮೊದಲ ಎರಡು ಮೂರು ದಿನ ಮಂಡಿ ಬಿಗಿದುಕೊಂಡು ನೋವು ಸ್ವಲ್ಪ ಹೆಚ್ಚಾಗುವುದು ಸಹಜ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಬೇಕಾದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಆದರೆ ಮಂಡಿ ಕೆಂಪಾಗಿ ಬಿಸಿಯೇರಿ ಊದಿಕೊಂಡು, ಜ್ವರ ಬಂದು, ಕಾಲು ಅಲುಗಿಸಲೂ ಆಗದಂತಾದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಅಪರೂಪವಾದರೂ ಅದು ಬಂದರೆ ಕೆಲವೇ ದಿನಗಳಲ್ಲಿ, ಉಳಿದಿರುವ ಮೃದ್ವಸ್ಥಿಯನ್ನೂ ತಿಂದುಹಾಕುತ್ತದೆ. ಬೆಳಗಾಗಲಿ ಎಂದು ಕಾಯದೆ, ಭಾನುವಾರವೋ ಹಬ್ಬವೋ ಎಂದು ನೋಡದೆ, ಅದೇ ರಾತ್ರಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಂಜೆಕ್ಷನ್ನಿನ ಚೀಟಿಯನ್ನು ಜೊತೆಗೇ ಒಯ್ದು, ಯಾವ ದಿನ ಯಾವ ಮಂಡಿಗೆ ಕೊಟ್ಟರೆಂದು ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ.